ವಾಚು ಕೊಳ್ಳುವ ಮೊದಲು ಮಾರುವ ಬೆಲೆ ಕೇಳು

ನವನಗರ, ಬಾಗಲಕೋಟೆ

ಚಿ. ಶ್ರೀಶೈಲನಿಗೆ ನಿನ್ನ ಮಾಮಾನ ಆಶೀರ್ವಾದಗಳು.

ಬೀಳಗಿ ಕಡೆಯ ಹೊಲದ ಮುಳುಗಡೆ ಪರಿಹಾರದಲ್ಲಿ 12 ಲಕ್ಷ ತೆಗೆದು ರೋಲೆಕ್ಸ್ ಸಬ್‌ಮರಿನರ್ ವಾಚು ಕೊಂಡಿಡುವ ವಿಚಾರ ಮಾಡಿದ್ದೀ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಐದು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಎಂದು ವ್ಯಾಪಾರಿ ಭರವಸೆ ಕೊಟ್ಟಿದ್ದಾನಂತೆ. ಹೊಲ ನೀರಿನ ಪಾಲಾದ ಮೇಲೆ ಮನೆತನಕ್ಕೆ ಉಳಿದ ರೊಕ್ಕ ಅದು. ಅದರಲ್ಲಿ ವಾಚು ಬೇಡ. ಕಟ್ಟಿಕೊಳ್ಳುವ ಆಸೆ ನಿಜವಾಗಿ ಇದ್ದರೆ ಪಗಾರದಲ್ಲಿ ಉಳಿಸಿ ಕೊಂಡುಕೋ, ನನ್ನ ಅಡ್ಡಿ ಇಲ್ಲ. ಹೂಡಿಕೆ ಅಂತ ಮಾತ್ರ ಕೊಳ್ಳಬೇಡ. ಕಾರಣ ಬಿಡಿಸಿ ಬರೆಯುತ್ತೇನೆ, ನಿಧಾನಕ್ಕೆ ಓದು.

ದುಬಾರಿ ವಾಚುಗಳೆಲ್ಲ ಬೆಲೆ ಏರುತ್ತವೆ ಎಂಬುದೇ ಮೊದಲ ತಪ್ಪು ತಿಳಿವಳಿಕೆ. ಶೋರೂಮಿನ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುವವು ರೋಲೆಕ್ಸ್, ಪಾಟೆಕ್ ಫಿಲಿಪ್, ಒಡೆಮಾರ್ ಪಿಗೆ ಇಂಥ ಕೆಲವೇ ಕಂಪನಿಗಳ ಕೆಲವೇ ಮಾದರಿಗಳು. ಉಳಿದ ಹೆಚ್ಚಿನವು ಅಂಗಡಿಯ ಬಾಗಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಆ ಏರುವ ಮಾದರಿಗಳೂ ಶೋರೂಮಿನಲ್ಲಿ ಕೇಳಿದವರಿಗೆಲ್ಲ ಸಿಗುವುದಿಲ್ಲ. ಹೆಸರು ಬರೆಸಿ ಕಾಯಬೇಕು, ಬಹಳ ಕಡೆ ಹಳೆಯ ಗಿರಾಕಿಗಳಿಗೇ ಮೊದಲ ಪಾಳಿ. ಸಿಗದವರು ಹೊರಗಿನ ವ್ಯಾಪಾರಿಯ ಹತ್ತಿರ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಲಾಭ ಏನಿದ್ದರೂ ಶೋರೂಮಿನ ಬೆಲೆಗೆ ಕೊಂಡವನಿಗೆ ಆಗಲೇ ಸಂದಿರುತ್ತದೆ. ನಿನಗೆ ಬಂದಿರುವುದು ಹೊರಗಿನ ವ್ಯಾಪಾರಿಯ ಬೆಲೆ ಎಂಬುದು ನೆನಪಿರಲಿ.

ಈಗ ಲೆಕ್ಕಕ್ಕೆ ಬಾ. 12 ಲಕ್ಷಕ್ಕೆ ಕೊಂಡೆ, ಐದು ವರ್ಷದ ಮೇಲೂ ಪೇಟೆಯಲ್ಲಿ ಅದಕ್ಕೆ 12 ಲಕ್ಷವೇ ನಡೆದಿದೆ ಎಂದು ಹಿಡಿ. ನೀನು ಮಾರಲು ಹೋದಾಗ ವ್ಯಾಪಾರಿ ತನ್ನ ಪಾಲು ಬಿಟ್ಟೇ ದರ ಹೇಳುತ್ತಾನೆ. ಶೇ. 15 ಮುರಿದುಕೊಂಡರೆ ಕೈಗೆ ಬರುವುದು 10 ಲಕ್ಷ 20 ಸಾವಿರ. ವಿಮೆಗೆ ವರ್ಷಕ್ಕೆ 12 ಸಾವಿರದಂತೆ 60 ಸಾವಿರ, ಒಂದು ಸರ್ವಿಸಿಗೆ ಮತ್ತೊಂದು 60 ಸಾವಿರ ಎಂದಿಟ್ಟುಕೋ. ಉಳಿದದ್ದು 9 ಲಕ್ಷ. ಅದೇ 12 ಲಕ್ಷ ಶೇ. 6.5ರ ಬ್ಯಾಂಕ್ ಠೇವಣಿಯಲ್ಲಿ ಇದ್ದಿದ್ದರೆ ಐದು ವರ್ಷಕ್ಕೆ ತೆರಿಗೆಗೆ ಮೊದಲು ಸುಮಾರು 16 ಲಕ್ಷ 50 ಸಾವಿರ ಆಗುತ್ತಿತ್ತು. ವಾಚು ಆ ಠೇವಣಿಗೆ ಸರಿಗಟ್ಟಬೇಕಾದರೆ ಅದರ ಪೇಟೆ ಬೆಲೆ 20 ಲಕ್ಷ 80 ಸಾವಿರ ಮುಟ್ಟಬೇಕು. ಠೇವಣಿಯ ಸಮಕ್ಕೆ ನಿಲ್ಲುವುದಕ್ಕೇ ಬೆಲೆ ಶೇ. 73 ಏರಬೇಕಾಯಿತು. ನಿನ್ನ ವ್ಯಾಪಾರಿ ಈ ಕೊನೆಯ ಸಾಲು ನಿನಗೆ ತೋರಿಸಿರಲಿಕ್ಕಿಲ್ಲ. ಬಾಡಿಗೆ, ಬಡ್ಡಿ, ಲಾಭಾಂಶ, ಬೆಳೆ, ಯಾವುದೂ ವಾಚಿನಿಂದ ಬರುವುದಿಲ್ಲ. ಮುಂದೆ ಇನ್ನೊಬ್ಬ ನಿನಗಿಂತ ಹೆಚ್ಚು ಕೊಟ್ಟರೆ ಮಾತ್ರ ಲಾಭ.

ಹೆಚ್ಚು ಕೊಟ್ಟ ಕಾಲವೂ ಇತ್ತು. ಪಾಟೆಕ್ ಕಂಪನಿ ನಾಟಿಲಸ್ 5711 ತಯಾರಿಕೆ ನಿಲ್ಲಿಸುವ ಸುದ್ದಿ 2021ರಲ್ಲಿ ಬಂದಾಗ ಉಕ್ಕಿನ ಆ ವಾಚು ಹೊರಪೇಟೆಯಲ್ಲಿ ಒಂದು ಲಕ್ಷ ಡಾಲರ್ ದಾಟಿತು. 2022ರ ಮೊದಲ ತಿಂಗಳುಗಳಲ್ಲಿ ಇಡೀ ಪೇಟೆಯ ಬೆಲೆ ತುದಿ ಮುಟ್ಟಿ, ಆಮೇಲೆ ಜಾರಿತು. ತುದಿಯಲ್ಲಿ ಕೊಂಡವರು ದೊಡ್ಡ ನಷ್ಟಕ್ಕೆ ಸಿಕ್ಕರು. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋದದ್ದನ್ನು ವ್ಯಾಪಾರಿಗಳು ಎಲ್ಲರಿಗೂ ಹೇಳುತ್ತಾರೆ. ಆ ಬೆಲೆ ಆ ಮನುಷ್ಯನ ಕೈಯಲ್ಲಿದ್ದ ಆ ಒಂದೇ ವಾಚಿನದು. ಅದೇ ಕಾಲದಲ್ಲಿ ತಯಾರಾಗಿ ಮೂಲೆ ಸೇರಿದ ಸಾವಿರಾರು ವಾಚುಗಳ ಸುದ್ದಿ ಯಾರೂ ಬರೆಯುವುದಿಲ್ಲ.

ನಮ್ಮ ದೇಶದಲ್ಲಿ ಕೊಳ್ಳುವವನಿಗೆ ಇನ್ನೊಂದು ಪೆಟ್ಟು ಇದೆ, ಇದನ್ನು ಬಹಳ ಮಂದಿ ಗಮನಿಸಿಲ್ಲ. ಸ್ವಿಸ್ ವಾಚುಗಳ ಮೇಲೆ ಶೇ. 20ರ ಆಮದು ಸುಂಕ ಇತ್ತು. ಸ್ವಿಟ್ಜರ್‌ಲೆಂಡ್ ಸೇರಿದ ಇಎಫ್‌ಟಿಎ ಎಂಬ ಯುರೋಪ್ ದೇಶಗಳ ವ್ಯಾಪಾರ ಕೂಟದ ಜೊತೆಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಆ ಸುಂಕ ಕೆಲವು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯಲಿದೆ. ನೀನು ಇವತ್ತು ಕೊಡುವ ಬೆಲೆಯೊಳಗೆ ಸುಂಕವೂ ಸೇರಿದೆ. ನೀನು ಮಾರುವ ಹೊತ್ತಿಗೆ ಹೊಸ ವಾಚಿಗೇ ಸುಂಕದ ಭಾರ ಇಳಿದಿದ್ದರೆ ನಿನ್ನ ಹಳೆಯದಕ್ಕೆ ಯಾರು ಹೆಚ್ಚು ಕೊಡುತ್ತಾರೆ? ಕಂಪನಿಗಳು ತಮ್ಮ ಬೆಲೆ ಏರಿಸಿ ಅದನ್ನು ಸರಿದೂಗಿಸಲೂಬಹುದು. ಆದರೆ ಅದನ್ನು ನಂಬಿ 12 ಲಕ್ಷ ಇಡುವುದು ಸರಿ ಎನಿಸುವುದಿಲ್ಲ ನನಗೆ.

ಇಷ್ಟಾದ ಮೇಲೂ ಹಳೆಯ ವಾಚು ಕೈಗೆ ತೆಗೆದುಕೊಂಡು ನೋಡುವ ಪ್ರಸಂಗ ಬಂದರೆ, ಪೆಟ್ಟಿಗೆಯ ಚೆಂದ ನೋಡಿ ಮರುಳಾಗಬೇಡ. ವಾರಂಟಿ ಕಾರ್ಡಿನ ಮೇಲಿನ ಸೀರಿಯಲ್ ನಂಬರು ವಾಚಿನ ನಂಬರಿಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಈಗಿನ ರೋಲೆಕ್ಸಿನಲ್ಲಿ ಅದು ಗಾಜಿನ ಕೆಳಗಿನ ಒಳ ಉಂಗುರದ ಮೇಲೆ 6ರ ಅಂಕಿಯ ಹತ್ತಿರ ಕೆತ್ತಿರುತ್ತದೆ. ಬಹಳ ಹಳೆಯವುಗಳಲ್ಲಿ ಚೈನು ಬಿಚ್ಚಿದರೆ 6ರ ಬದಿಯ, ಚೈನು ಸಿಕ್ಕಿಸುವ ಕೊಂಬುಗಳಾದ ಎರಡು ಲಗ್‌ಗಳ ನಡುವೆ ಸಿಗುತ್ತದೆ. ಕಾರ್ಡು ಕೂಡಿತು ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ, ನಕಲಿ ಕಾರ್ಡುಗಳೂ ತಯಾರಾಗುತ್ತವೆ. ಹಿಂದಿನ ಮುಚ್ಚಳ ಬಿಚ್ಚಿಸಿ ಒಳಗಿನ ಮಷಿನ್ ನೋಡಲೇಬೇಕು. ಕೇಸು, ಅಂದರೆ ಹೊರಗಿನ ಲೋಹದ ಕವಚ, ಅಸಲಿ, ಡಯಲ್ ಬೇರೆ ವಾಚಿನದು, ಮುಳ್ಳು ಇನ್ನೊಂದರದು, ಹೀಗೆ ಕೂಡಿಸಿದ ಮಾಲು ಪೂರ್ತಿ ನಕಲಿಗಿಂತ ಅಪಾಯದ್ದು, ಮೇಲಿನಿಂದ ಗೊತ್ತಾಗುವುದಿಲ್ಲ. ಬಿಚ್ಚಲು ಮಾರುವವನು ಒಪ್ಪದಿದ್ದರೆ ಅಲ್ಲಿಂದ ಎದ್ದು ಬಾ.

ಮಷಿನಿನ ಆರೋಗ್ಯ ತಿಳಿಯಲು ಅದರ ಟಿಕ್ ಟಿಕ್ ಸದ್ದು ಅಳೆಯುವ ಯಂತ್ರ, ಟೈಮ್‌ಗ್ರಾಫರ್ ಇದೆ. ಪೂರ್ತಿ ಚಾವಿ ಕೊಟ್ಟು, ಡಯಲ್ ಮೇಲಾಗಿ ಇಟ್ಟಾಗ ಒಳಗೆ ಅತ್ತಿತ್ತ ತೂಗಿ ಕಾಲ ಅಳೆಯುವ ಬ್ಯಾಲೆನ್ಸ್ ಚಕ್ರದ ತೂಗಾಟ ಸಾಮಾನ್ಯವಾಗಿ 270ರಿಂದ 310 ಡಿಗ್ರಿ ಇರಬೇಕು. 220ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ ಅಥವಾ ಒಳಗೆ ಸವೆದಿದೆ, ಸರ್ವಿಸಿನ ಖರ್ಚು ಬೆಲೆಯಲ್ಲೇ ಮುರಿದುಕೋ. ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿದ್ದರೆ ಬಹುತೇಕ ಆಯಸ್ಕಾಂತದ ತೊಂದರೆ. ಸ್ಪೀಕರಿನ ಹತ್ತಿರ, ಮೊಬೈಲ್ ಕವರಿನ ಆಯಸ್ಕಾಂತದ ಹತ್ತಿರ ಇಟ್ಟರೆ ಆ ಚಕ್ರವನ್ನು ತೂಗಿಸುವ ತೆಳು ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಆ ಆಯಸ್ಕಾಂತದ ಗುಣ ತೆಗೆಸುವುದು ಸಣ್ಣ ಕೆಲಸ, ಅದಕ್ಕೆ ಹೆದರಬೇಡ.

ಪಾಲಿಶ್ ಮಾತ್ರ ಸಣ್ಣದಲ್ಲ. ಹೊಳಪಿಗಾಗಿ ತಿಕ್ಕಿದ ಪ್ರತಿ ಸಲ ಕೇಸಿನ ಲೋಹ ಹೋಗುತ್ತದೆ. ಲಗ್‌ಗಳು ತೆಳುವಾಗಿ, ಚೂಪಾಗಿದ್ದ ಅಂಚು ದುಂಡಗಾಗುತ್ತದೆ. ಹೋದ ಲೋಹ ಸುಲಭಕ್ಕೆ ಮರಳುವುದಿಲ್ಲ. ಸಂಗ್ರಹಕಾರರು ಗೀರು ಬಿದ್ದ ಅಸಲಿ ಕೇಸಿಗೆ ಕೊಡುವ ಬೆಲೆ ಥಳಥಳಿಸುವ ಪಾಲಿಶ್ ಕೇಸಿಗೆ ಕೊಡುವುದಿಲ್ಲ. ಹೊರಗಿನಿಂದ ವಜ್ರ ಕೂಡಿಸಿದ್ದೂ ಹಾಗೆಯೇ, ಹಾಕಿಸಿದ ಖರ್ಚು ಹೋಗಿ ವಾಚಿನ ಬೆಲೆಯೂ ಬೀಳುತ್ತದೆ. ಕಂಪನಿಯದಲ್ಲದ ಭಾಗ ಒಳಗಿದ್ದರೆ ರೋಲೆಕ್ಸಿನ ಅಧಿಕೃತ ಸರ್ವಿಸ್ ಕೇಂದ್ರ ಆ ವಾಚನ್ನು ಹಾಗೆಯೇ ವಾಪಸು ಕೊಡಬಹುದು. ಕಂಪನಿ ಹೊರಗಿನ ರಿಪೇರಿಯವರಿಗೆ ಅಸಲಿ ಭಾಗ ಸುಲಭಕ್ಕೆ ಕೊಡುವುದಿಲ್ಲ, ಆದ್ದರಿಂದ ನಮ್ಮ ಊರಿನ ಒಳ್ಳೆಯ ಕೈಯ ರಿಪೇರಿಯವನೂ ಇಲ್ಲಿ ಅಸಹಾಯಕ. ಬೆಂಗಳೂರಿಗೋ ಮುಂಬೈಗೋ ಕಳಿಸಬೇಕು.

ಇಡುವ ಜಾಗದ ವಿಷಯ. ಬ್ಯಾಂಕ್ ಲಾಕರ್ ಸುರಕ್ಷಿತ ಎನ್ನುತ್ತೀ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಳವು, ಬೆಂಕಿ, ಸಿಬ್ಬಂದಿಯ ಮೋಸದಂಥ ಪ್ರಸಂಗದಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. 3 ಸಾವಿರ ಬಾಡಿಗೆ ಇದ್ದರೆ ಹೆಚ್ಚೆಂದರೆ 3 ಲಕ್ಷ, ನಿನ್ನ ವಾಚು 12 ಲಕ್ಷದ್ದು. ಬೇರೆ ವಿಮೆ ಬೇಕೇ ಬೇಕು. ಲಾಕರಿನಲ್ಲಿ ವರ್ಷಗಟ್ಟಲೆ ಇಟ್ಟರೂ ವಾಶರುಗಳು ಗಟ್ಟಿಯಾಗಿ ನೀರು ತಡೆಯುವ ಶಕ್ತಿ ಕುಂದುತ್ತದೆ. 300 ಮೀಟರ್ ಎಂದು ಡಯಲಿನ ಮೇಲೆ ಬರೆದದ್ದನ್ನು ನಂಬಿ ಪ್ರೆಶರ್ ಟೆಸ್ಟ್ ಮಾಡಿಸದೆ ಹೊಳೆಗೆ ಇಳಿಯಬೇಡ.

ತೆರಿಗೆಯಲ್ಲೂ ಒಂದು ಸೂಕ್ಷ್ಮ ಇದೆ. ಸ್ವಂತ ಬಳಕೆಯ ಚರ ವಸ್ತು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಷ್ಟವನ್ನೂ ತೋರಿಸುವಂತಿಲ್ಲ. ಆಭರಣಕ್ಕೆ ಈ ವಿನಾಯಿತಿ ಇಲ್ಲ, ಆದ್ದರಿಂದ ಬಂಗಾರದ, ವಜ್ರದ ವಾಚಿನಲ್ಲಿ ತಕರಾರು ಬರಬಹುದು. ಕೈಗೆ ಕಟ್ಟದೆ ಲಾಭಕ್ಕೆಂದೇ ಇಟ್ಟ ವಾಚನ್ನು ಸ್ವಂತ ಬಳಕೆಯದು ಎಂದು ವಾದಿಸುವುದೂ ಕಷ್ಟ. 10 ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ವ್ಯಾಪಾರಿ ಶೇ. 1 ಟಿಸಿಎಸ್ (ಮಾರುವಾಗಲೇ ಗಿರಾಕಿಯಿಂದ ವಸೂಲಿ ಮಾಡುವ ತೆರಿಗೆ) ಹಿಡಿಯಬೇಕು, ಅದು ನಿನ್ನ ಪ್ಯಾನ್ ಲೆಕ್ಕಕ್ಕೆ ಸೇರಿ ತೆರಿಗೆಯಲ್ಲಿ ವಜಾ ಆಗುತ್ತದೆ. ಬಿಲ್ಲು ಬೇಡ, ನಗದು ಕೊಡಿ ಎನ್ನುವವನ ಹತ್ತಿರ ಕೊಳ್ಳಲೇಬೇಡ. ಮುಂದೆ ಮಾರುವಾಗಲೂ ನಗದು ಮುಟ್ಟಬೇಡ: 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಂಡವನ ಮೇಲೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ, ಆಗ ತೆಗೆದುಕೊಂಡವನು ನೀನೇ ಆಗಿರುತ್ತೀ.

ಗಡಿಯಾರದ ಪ್ರೀತಿ ನಿನಗೆ ಚಿಕ್ಕಂದಿನಿಂದ ಇದೆ, ಅದನ್ನು ಬಿಡು ಅನ್ನುವುದಿಲ್ಲ. ಕೆಲವು ಸಾವಿರಕ್ಕೆ ಸಿಗುವ ಎಚ್‌ಎಂಟಿ ಜನತಾ, ಪೈಲಟ್ ಕೊಂಡು ಕಲಿ. ಅವುಗಳಲ್ಲೂ ಹೊಸ ಬಣ್ಣ ಹಚ್ಚಿದ ಡಯಲ್‌ಗಳೇ ಬಹಳ, ಅಸಲಿ ಗುರುತಿಸುವ ಕಣ್ಣು ಅಲ್ಲೇ ಬರುತ್ತದೆ, ತಪ್ಪಿದರೂ ಮನೆ ಮುಳುಗುವುದಿಲ್ಲ.

ಆ ವ್ಯಾಪಾರಿಗೆ ಟೋಕನ್ ಅಂತ ಒಂದು ರೂಪಾಯಿಯನ್ನೂ ಕಳಿಸಬೇಡ. ಇಂದೇ ಫೋನ್ ಮಾಡಿ, ಇದೇ ವಾಚನ್ನು ನಾಳೆ ನಾನು ನಿಮಗೇ ಮಾರಿದರೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೋ. ಆ ಅಂಕಿ ನನಗೆ ಕಳಿಸು, ಕೂತು ಲೆಕ್ಕ ಹಾಕೋಣ. ಅಲ್ಲಿವರೆಗೆ ಪರಿಹಾರದ ರೊಕ್ಕ ನಿಮ್ಮವ್ವನ ಹೆಸರೂ ಸೇರಿಸಿ ಠೇವಣಿಯಲ್ಲಿ ಇರಲಿ.

ಇಂತಿ ನಿನ್ನ
ಮಾಮಾ