ಎಸೆಯುವ ತೋಳಿನ ಲೆಕ್ಕ

ಆತ್ಮೀಯ ಓದುಗರೇ,

ಜೂನ್ ತಿಂಗಳ ನಡುಭಾಗದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಮ್ಮ ಒಮಾಹಾ ನಗರದ ಹೋಟೆಲುಗಳಲ್ಲಿ ಕೋಣೆ ಸಿಗುವುದು ಕಷ್ಟ. ಕಾಲೇಜು ಬೇಸ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ನಿರ್ಧರಿಸುವ ಕಾಲೇಜ್ ವರ್ಲ್ಡ್ ಸೀರೀಸ್ 1947ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ಆರಂಭವಾಗಿ, ಒಂದು ವರ್ಷ ಕ್ಯಾನ್ಸಸ್‌ನ ವಿಚಿಟಾದಲ್ಲಿ ತಂಗಿ, 1950ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಕೋವಿಡ್ ಕಾರಣದಿಂದ ರದ್ದಾದ 2020ನೆಯ ವರ್ಷವನ್ನು ಬಿಟ್ಟರೆ ಅಂದಿನಿಂದ ಇಂದಿನವರೆಗೆ ಪ್ರತಿ ಜೂನ್‌ನಲ್ಲಿಯೂ ಎಂಟು ಕಾಲೇಜು ತಂಡಗಳು ಈ ಊರಿಗೆ ಬರುತ್ತಿವೆ. ಮೊದಲೆರಡು ವರ್ಷಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಪರವಾಗಿ ಫಸ್ಟ್ ಬೇಸ್‌ನಲ್ಲಿ ನಿಂತು ಆಡಿದ್ದ ತರುಣ ಜಾರ್ಜ್ ಎಚ್. ಡಬ್ಲ್ಯು. ಬುಷ್ ಮುಂದೆ ಈ ದೇಶದ ಅಧ್ಯಕ್ಷರಾದರು. ಇಲ್ಲಿನ ಕನ್ನಡಿಗರ ಮನೆಗಳಲ್ಲಿಯೂ ಈಗ ಈ ಪಂದ್ಯಾವಳಿ ಬೇಸಿಗೆಯ ಒಂದು ಭಾಗವಾಗಿದೆ. ಕ್ರಿಕೆಟ್ ನೋಡಿ ಬೆಳೆದ ತಂದೆತಾಯಿಯರು ಲಿಟಲ್ ಲೀಗ್‌ನಲ್ಲಿ ಆಡುವ ಮಕ್ಕಳ ಪಕ್ಕದಲ್ಲಿ ಕುಳಿತು, ಮಕ್ಕಳಿಂದಲೇ ನಿಯಮಗಳನ್ನು ಕಲಿಯುತ್ತಿದ್ದಾರೆ.

2025ರ ಪಂದ್ಯಾವಳಿಯ ಫಲಿತಾಂಶ ನಿಮಗೆಲ್ಲ ಗೊತ್ತಿದೆ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ, ಎಲ್ಲರ ಬಾಯಲ್ಲಿ ಎಲ್‌ಎಸ್‌ಯು, ಅಂತಿಮ ಸರಣಿಯ ಎರಡೂ ಪಂದ್ಯಗಳಲ್ಲಿ ಕೋಸ್ಟಲ್ ಕ್ಯಾರೊಲಿನಾವನ್ನು ಸೋಲಿಸಿ ತನ್ನ ಎಂಟನೆಯ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಗೆದ್ದವರು ಯಾರೆಂಬುದಕ್ಕಿಂತ ಆ ಗೆಲುವು ಹೇಗೆ ಬಂತು ಎಂಬುದರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿತು. ಅದರಲ್ಲಿಯೂ ಪಿಚರ್‌ಗಳ, ಅಂದರೆ ಚೆಂಡೆಸೆಯುವ ಹುಡುಗರ, ತೋಳುಗಳ ಬಗ್ಗೆ ಬರೆಯಬೇಕೆನಿಸಿತು.

ಕಾಲೇಜು ಬೇಸ್‌ಬಾಲ್ ಋತು ಫೆಬ್ರವರಿ ನಡುವೆ, ಉತ್ತರದ ರಾಜ್ಯಗಳ ಮೈದಾನಗಳಲ್ಲಿ ಇನ್ನೂ ಹಿಮವಿರುವಾಗಲೇ ಶುರುವಾಗುತ್ತದೆ. ಪಂದ್ಯಾವಳಿಗಳನ್ನು ಹೊರತುಪಡಿಸಿ ಪ್ರತಿ ತಂಡ ಗರಿಷ್ಠ 56 ಪಂದ್ಯಗಳನ್ನು ಆಡಬಹುದು. ಸಾಮಾನ್ಯವಾಗಿ ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯೊಡನೆ ಮೂರು ಪಂದ್ಯ, ಮಂಗಳವಾರವೋ ಬುಧವಾರವೋ ಹತ್ತಿರದ ಇನ್ನೊಂದು ಕಾಲೇಜಿನೊಡನೆ ಒಂದು ಪಂದ್ಯ. ತಂಡದ ಅತ್ಯುತ್ತಮ ಪಿಚರ್ ಶುಕ್ರವಾರ ರಾತ್ರಿ ಎಸೆದರೆ ಮತ್ತೆ ಚೆಂಡೆಸೆಯುವ ದಿಬ್ಬದ ಮೇಲೆ ನಿಲ್ಲುವುದು ಮುಂದಿನ ಶುಕ್ರವಾರವೇ. ಅಭ್ಯಾಸ, ಪಾಠ, ಪ್ರಯಾಣ ಎಲ್ಲವೂ ಈ ವಾರದ ಲಯಕ್ಕೆ ಹೊಂದಿಕೊಂಡಿರುತ್ತವೆ, ದಣಿದ ತೋಳೂ ಆರು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಕ್ರಿಕೆಟ್ ಬಲ್ಲ ನಮಗೆ ಈ ಶ್ರಮದ ಪ್ರಮಾಣ ಥಟ್ಟನೆ ಅರ್ಥವಾಗಬೇಕಾದರೆ ಓವರುಗಳ ಲೆಕ್ಕ ಹಾಕಬೇಕು. ಏಕದಿನ ಪಂದ್ಯದಲ್ಲಿ ಒಬ್ಬ ಬೌಲರ್‌ಗೆ ಹತ್ತು ಓವರು, ಅಂದರೆ ಅರವತ್ತು ಎಸೆತ; ಟಿ20ಯಲ್ಲಿ ಇಪ್ಪತ್ತನಾಲ್ಕು. ಒಳ್ಳೆಯ ಕಾಲೇಜು ಪಿಚರ್ ಒಂದು ಸಂಜೆಗೆ ನೂರು ಎಸೆತಗಳನ್ನು ದಾಟುವುದು ಅಪರೂಪವಲ್ಲ. ಅದೂ ಓಡಿ ಬಂದು ಎಸೆಯುವುದಲ್ಲ, ನಿಂತಲ್ಲಿಂದ ಒಂದೇ ಹೆಜ್ಜೆ ಮುಂದಿಟ್ಟು ಇಡೀ ಮೈಯ ಬಲವನ್ನು ಮೊಣಕೈಯ ಮೂಲಕ ಹಾಯಿಸುವುದು. ಮೊಣಕೈಯ ಒಳಮಗ್ಗುಲಿನ ಅಸ್ಥಿರಜ್ಜು ಆ ಸೆಳೆತಕ್ಕೆ ಹರಿಯುವುದುಂಟು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ತೋಳಿಗೆ, ದೇಹದ ಬೇರೆಡೆಯಿಂದ ತೆಗೆದ ಸ್ನಾಯುರಜ್ಜುವನ್ನು ಕಸಿಮಾಡಿ ಸರಿಪಡಿಸಿದರು. ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ಉಳಿದುಕೊಂಡಿತು. ಇಂದು ಅದು ಹೈಸ್ಕೂಲು ಹುಡುಗರಿಗೂ ಆಗುತ್ತಿದೆ. ಚೇತರಿಕೆಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು.

ಮೇ ತಿಂಗಳ ಕೊನೆಯಲ್ಲಿ ಈ ವಾರದ ಲಯ ಮುರಿಯುತ್ತದೆ. ಆಯ್ಕೆಯಾದ 64 ತಂಡಗಳು ನಾಲ್ಕು ನಾಲ್ಕರಂತೆ ಹದಿನಾರು ಊರುಗಳಲ್ಲಿ ಸೇರುತ್ತವೆ. ಇಲ್ಲಿ ಒಂದು ಸೋಲಿಗೆ ಯಾರೂ ಮನೆಗೆ ಹೋಗುವುದಿಲ್ಲ, ಎರಡನೆಯ ಸೋಲಿಗೆ ಹೋಗುತ್ತಾರೆ. ಮೊದಲ ಬಾರಿ ನೋಡುವವರಿಗೆ ಇದು ಬಹಳ ಉದಾರವಾದ ಏರ್ಪಾಡು ಎನಿಸುತ್ತದೆ, ನ್ಯಾಯದ ದೃಷ್ಟಿಯಿಂದ ಉದಾರವೂ ಹೌದು. ಆದರೆ ಮೊದಲ ದಿನ ಸೋತ ತಂಡ ಪ್ರಶಸ್ತಿಯ ದಾರಿಗೆ ಮರಳಬೇಕಾದರೆ ಗೆದ್ದ ತಂಡಕ್ಕಿಂತ ಹೆಚ್ಚು ಪಂದ್ಯಗಳನ್ನು, ಅಷ್ಟೇ ದಿನಗಳ ಒಳಗೆ ಆಡಬೇಕಾಗುತ್ತದೆ; ಕೆಲವೊಮ್ಮೆ ಒಂದೇ ದಿನ ಎರಡು ಪಂದ್ಯ. ಬೇಸ್‌ಬಾಲಿನಲ್ಲಿ ಇನಿಂಗ್ಸ್ ಎಂದರೆ ಎರಡೂ ತಂಡಗಳು ಒಮ್ಮೊಮ್ಮೆ ಬ್ಯಾಟ್ ಮಾಡುವ ಸಣ್ಣ ಸರದಿ, ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು; ಆ ಹೆಚ್ಚುವರಿ ಇನಿಂಗ್ಸ್‌ಗಳನ್ನು ಯಾರಾದರೂ ಎಸೆಯಲೇಬೇಕು. ಹದಿನಾರು ವಿಜೇತರು ಮುಂದಿನ ವಾರ ಇಬ್ಬಿಬ್ಬರಾಗಿ ಮೂರು ಪಂದ್ಯಗಳ ಸರಣಿ ಆಡಿ, ಉಳಿದ ಎಂಟು ತಂಡಗಳು ಒಮಾಹಾಕ್ಕೆ ಬರುತ್ತವೆ, ಇಲ್ಲಿಯೂ ಮತ್ತೆ ಅದೇ ಎರಡು ಸೋಲಿನ ಏರ್ಪಾಡು. ಕೊನೆಯಲ್ಲಿ ಉಳಿದ ಎರಡು ತಂಡಗಳ ನಡುವೆ ಮೂರು ಪಂದ್ಯಗಳ ಅಂತಿಮ ಸರಣಿ ನಡೆಯುವ ಪದ್ಧತಿ 2003ರಲ್ಲಿ ಬಂತು.

2025ರಲ್ಲಿ ಮೊದಲ ವಾರಾಂತ್ಯದಲ್ಲಿಯೇ ದೊಡ್ಡ ಮರಗಳು ಉರುಳಿದವು. ಅಗ್ರ ಶ್ರೇಯಾಂಕದ ವ್ಯಾಂಡರ್‌ಬಿಲ್ಟ್ ತನ್ನದೇ ಊರಿನಲ್ಲಿ ಹೊರಬಿತ್ತು. ಎರಡನೆಯ ಶ್ರೇಯಾಂಕದ ಟೆಕ್ಸಸ್ ಕೂಡ ಹಾಗೆಯೇ. ನಾಲ್ಕು ತಂಡಗಳ ಗುಂಪಿನಲ್ಲಿ ನಾಲ್ಕನೆಯ ಶ್ರೇಯಾಂಕ ಪಡೆದಿದ್ದ ಕೆಂಟಕಿಯ ಮರ್ರೇ ಸ್ಟೇಟ್ ಒಮಾಹಾದವರೆಗೆ ಬಂತು. ಈಗಿನ ಪದ್ಧತಿ ಶುರುವಾದ ಮೇಲೆ ಹಾಗೆ ಬಂದ ತಂಡಗಳಲ್ಲಿ ಇದು ನಾಲ್ಕನೆಯದು; ಅವುಗಳಲ್ಲಿ 2008ರ ಫ್ರೆಸ್ನೊ ಸ್ಟೇಟ್ ಪ್ರಶಸ್ತಿಯನ್ನೇ ಗೆದ್ದಿತ್ತು.

ಜೂನ್ 14ರ ಶನಿವಾರ ಒಮಾಹಾದಲ್ಲಿ ಎಲ್‌ಎಸ್‌ಯು ಮತ್ತು ಅರ್ಕನ್ಸಾ ಎದುರಾದವು. ಎಲ್‌ಎಸ್‌ಯುವಿನ ಎಡಗೈ ಪಿಚರ್ ಕೇಡ್ ಆಂಡರ್ಸನ್ ಏಳು ಇನಿಂಗ್ಸ್ ಎಸೆದರು, ತಂಡ 4–1ರಿಂದ ಗೆದ್ದಿತು. ಸೋತ ಅರ್ಕನ್ಸಾ ಸೋಮವಾರ ಮರ್ರೇ ಸ್ಟೇಟ್ ವಿರುದ್ಧ ಬದುಕುಳಿಯಲು ಆಡಬೇಕಾಯಿತು. ಆ ಮಧ್ಯಾಹ್ನ ಅರ್ಕನ್ಸಾದ ಪಿಚರ್ ಗೇಜ್ ವುಡ್ ಮಾಡಿದ್ದನ್ನು ನೋಡಿದವರು ಮರೆಯಲಾರರು. ಋತುವಿನ ಮೊದಲ ಭಾಗದಲ್ಲಿ ಭುಜದ ನೋವಿನಿಂದ ವಾರಗಟ್ಟಲೆ ಹೊರಗುಳಿದಿದ್ದ ಈ ತರುಣ, ಏಳು ಇನಿಂಗ್ಸ್‌ಗಳವರೆಗೆ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ತಲುಪಲು ಬಿಡಲಿಲ್ಲ. ಎಂಟನೆಯ ಇನಿಂಗ್ಸ್‌ನಲ್ಲಿ ಒಂದು ಚೆಂಡು ಬಾಗಿ ಬಂದು ಬ್ಯಾಟರ್‌ನ ಮೈಗೆ ತಾಗಿತು. ಪರಿಪೂರ್ಣ ಪಂದ್ಯ ಅಲ್ಲಿಗೆ ಕೈತಪ್ಪಿತಾದರೂ ವುಡ್ ತಲೆ ತಗ್ಗಿಸಲಿಲ್ಲ, ಮುಂದಿನ ಬ್ಯಾಟರ್‌ನತ್ತ ತಿರುಗಿದರು. ಕೊನೆಯ ಔಟ್ ಸಿಕ್ಕಾಗ ಮರ್ರೇ ಸ್ಟೇಟ್‌ಗೆ ಒಂದೂ ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಇರಲಿಲ್ಲ; ವುಡ್‌ಗೆ 19 ಸ್ಟ್ರೈಕ್‌ಔಟ್‌ಗಳಿದ್ದವು, ಅಂದರೆ ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡಿದ್ದು. ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಒಂದೂ ಹಿಟ್ ಕೊಡದ ಪಂದ್ಯ ನಡೆದದ್ದು 1960ರ ನಂತರ ಇದೇ ಮೊದಲು, ಒಟ್ಟು ಇತಿಹಾಸದಲ್ಲಿ ಮೂರನೆಯದು. ವುಡ್ ಎಸೆದದ್ದು 119 ಎಸೆತ.

ಆ 119 ಎಸೆತಗಳಿಂದ ಅರ್ಕನ್ಸಾ ಪಡೆದುಕೊಂಡದ್ದು ಇನ್ನೊಂದು ದಿನದ ಬದುಕು. ಮಂಗಳವಾರ ಅದು ಯುಸಿಎಲ್‌ಎಯನ್ನು ಸೋಲಿಸಿತು, ಬುಧವಾರ ಮತ್ತೆ ಎಲ್‌ಎಸ್‌ಯು ಎದುರಾಯಿತು. ಮೂರು ದಿನದಲ್ಲಿ ಮೂರನೆಯ ಪಂದ್ಯ, ದಿಬ್ಬಕ್ಕೆ ಕಳಿಸಲು ವುಡ್ ಇಲ್ಲ. ಆದರೂ ಒಂಬತ್ತನೆಯ ಇನಿಂಗ್ಸ್‌ನ ಮೊದಲ ಅರ್ಧ ಮುಗಿದಾಗ ಅರ್ಕನ್ಸಾ 5–3ರಿಂದ ಮುಂದಿತ್ತು. ಎಡಭಾಗದ ಫೀಲ್ಡರ್‌ನ ಕಡೆಗೆ ಹೋದ ಎಲ್‌ಎಸ್‌ಯುವಿನ ಒಂದು ಹೊಡೆತ ಅಂದಾಜು ತಪ್ಪಿಸಿ ಹಿಂದಕ್ಕೆ ಹಾರಿತು, ಇಬ್ಬರು ಓಡಿ ಬಂದರು, ಸಮಬಲ. ಮರುಗಳಿಗೆಯಲ್ಲಿ ಜ್ಯಾರೆಡ್ ಜೋನ್ಸ್ ಅವರ ಹೊಡೆತ ಸೆಕೆಂಡ್ ಬೇಸ್ ಫೀಲ್ಡರ್‌ನ ಗ್ಲೌವ್ ಅಂಚಿಗೆ ತಾಗಿ ಆಚೆ ಉರುಳಿತು. ಎಲ್‌ಎಸ್‌ಯು 6–5. ಅರ್ಕನ್ಸಾದ ಋತು ಅಲ್ಲಿಗೆ ಮುಗಿಯಿತು.

ಈ ಇಡೀ ಹೊತ್ತಿನಲ್ಲಿ ಆಂಡರ್ಸನ್ ವಿಶ್ರಾಂತಿಯಲ್ಲಿದ್ದರು. ಸೋಲದ ತಂಡಕ್ಕೆ ಸಿಗುವ ನಿಜವಾದ ಬಹುಮಾನ ಇದೇ. ಜೂನ್ 21ರ ಶನಿವಾರ, ಸರಿಯಾಗಿ ಒಂದು ವಾರದ ನಂತರ, ಅವರು ಅಂತಿಮ ಸರಣಿಯ ಮೊದಲ ಪಂದ್ಯಕ್ಕೆ ಇಳಿದರು. ಎದುರಿಗಿದ್ದ ಕೋಸ್ಟಲ್ ಕ್ಯಾರೊಲಿನಾ ಸತತ 26 ಪಂದ್ಯ ಗೆದ್ದು ಬಂದಿತ್ತು, ಅದೂ ಒಮಾಹಾದಲ್ಲಿ ಸೋತಿರಲಿಲ್ಲ. ಮೊದಲ ಇನಿಂಗ್ಸ್‌ನಲ್ಲಿ ಎಲ್‌ಎಸ್‌ಯುಗೆ ಒಂದೇ ಒಂದು ರನ್ ದಕ್ಕಿತು. ಉಳಿದ ಸಂಜೆಯೆಲ್ಲ ಆ ಒಂದು ರನ್ನಿನ ಕಾವಲು. ಆಂಡರ್ಸನ್ ಒಂಬತ್ತೂ ಇನಿಂಗ್ಸ್ ತಾವೇ ಎಸೆದು, ಮೂರೇ ಹಿಟ್ ಕೊಟ್ಟು, ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ 1–0ರಿಂದ ಗೆಲ್ಲಿಸಿದರು. ಎಸೆತಗಳ ಸಂಖ್ಯೆ 130. ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದೂವರೆ ಓವರಿಗಿಂತ ಹೆಚ್ಚು. ಇದೇ ಆಂಡರ್ಸನ್ ಹೈಸ್ಕೂಲಿನಲ್ಲಿದ್ದಾಗಲೇ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದವರು. ಮರುದಿನ ತಂಡ 5–3ರಿಂದ ಗೆದ್ದಿತು, ಅವರು ಪಂದ್ಯಾವಳಿಯ ಶ್ರೇಷ್ಠ ಆಟಗಾರರಾದರು, ಮುಂದಿನ ತಿಂಗಳು ಸಿಯಾಟಲ್ ಮ್ಯಾರಿನರ್ಸ್ ತಂಡ, ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರನ್ನು ಮೂರನೆಯ ಆಯ್ಕೆಯಾಗಿ ಆರಿಸಿಕೊಂಡಿತು.

ಆ ರಾತ್ರಿಯ ಆಟವನ್ನು ಮೆಚ್ಚದವರುಂಟೇ? ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ. ಆದರೂ 130 ಎಂಬ ಸಂಖ್ಯೆ ನನ್ನನ್ನು ಇಂದಿಗೂ ಕಾಡುತ್ತಿದೆ, ಏಕೆಂದರೆ ಇಂಥ ಸಂಖ್ಯೆಗಳಿಗೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮಪುಸ್ತಕದಲ್ಲಿ ಯಾವ ಮಿತಿಯೂ ಇಲ್ಲ. ಹನ್ನೆರಡು ವರ್ಷದ ನಮ್ಮ ಮಕ್ಕಳು ಲಿಟಲ್ ಲೀಗ್‌ನಲ್ಲಿ ಒಂದು ದಿನಕ್ಕೆ 85 ಎಸೆತ ಮುಟ್ಟಿದರೆ ಸಾಕು, ತರಬೇತುದಾರರು ಅವರನ್ನು ದಿಬ್ಬದಿಂದ ಇಳಿಸಲೇಬೇಕು. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಹೈಸ್ಕೂಲುಗಳಿಗೂ ಆಯಾ ರಾಜ್ಯಗಳ ನಿಯಮಗಳಿವೆ. ಕಾಲೇಜಿಗೆ ಕಾಲಿಟ್ಟ ಕೂಡಲೇ ಲೆಕ್ಕವೆಲ್ಲ ತರಬೇತುದಾರರ ವಿವೇಚನೆಗೆ ಬಿಡಲ್ಪಡುತ್ತದೆ.

ಆ ವಿವೇಚನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 2009ರ ಮೇ 30ರ ರಾತ್ರಿ ಸಾಕ್ಷಿ. ಆಸ್ಟಿನ್‌ನಲ್ಲಿ ಟೆಕ್ಸಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ಪಂದ್ಯ 25 ಇನಿಂಗ್ಸ್, ಏಳು ಗಂಟೆಗೂ ಹೆಚ್ಚು ಕಾಲ ನಡೆಯಿತು. ನಡುವೆ ಇಳಿದ ಟೆಕ್ಸಸ್ ಪಿಚರ್ ಆಸ್ಟಿನ್ ವುಡ್ ಹದಿಮೂರು ಇನಿಂಗ್ಸ್‌ಗಳಲ್ಲಿ 169 ಎಸೆತ ಎಸೆದರು. 2018ರಲ್ಲಿ ಆರೆಗನ್ ಸ್ಟೇಟ್ ಒಮಾಹಾದ ತನ್ನ ಮೊದಲ ಪಂದ್ಯವನ್ನೇ ಸೋತು, ಕೆಳಗಿನ ದಾರಿ ಹಿಡಿದು, ಅಂತಿಮ ಸರಣಿಯ ಎರಡನೆಯ ಪಂದ್ಯದಲ್ಲಿ ಸೋಲಿನ ಅಂಚಿನಿಂದ ಪಾರಾಗಿ ಪ್ರಶಸ್ತಿ ಗೆದ್ದಿತು. ಕೊನೆಯ ಪಂದ್ಯ ಗೆಲ್ಲಿಸಿದವರು ಮೊದಲ ವರ್ಷದ ವಿದ್ಯಾರ್ಥಿ ಕೆವಿನ್ ಏಬಲ್. ಹಿಂದಿನ ರಾತ್ರಿಯೂ ಎಸೆದಿದ್ದ ಅವರು ಆ ದಿನ 129 ಎಸೆತಗಳಲ್ಲಿ ಇಡೀ ಪಂದ್ಯವನ್ನು ಮುಗಿಸಿ, ಒಂದೇ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕು ಪಂದ್ಯ ಗೆದ್ದ ಮೊದಲ ಪಿಚರ್ ಎನಿಸಿದರು. ಮರುವರ್ಷ ಅವರಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. ಒಂದು ರಾತ್ರಿಯ ಎಸೆತಕ್ಕೂ ಮರುವರ್ಷದ ಗಾಯಕ್ಕೂ ನೇರ ಸಂಬಂಧ ಹಚ್ಚುವುದು ತಪ್ಪಾಗುತ್ತದೆ, ನಾನು ಹಚ್ಚುವುದಿಲ್ಲ. ಆದರೆ ಹತ್ತೊಂಬತ್ತರ ತರುಣನೊಬ್ಬನಿಗೆ ಸಾಕು ಎಂದು ಹೇಳುವ ಲಿಖಿತ ನಿಯಮ ಅಂದು ಇರಲಿಲ್ಲ, ಇಂದಿಗೂ ಇಲ್ಲ ಎಂಬುದನ್ನಂತೂ ಹೇಳಲೇಬೇಕು.

ತಡೆದುಕೊಂಡ ಉದಾಹರಣೆಯೂ ಕಣ್ಣಮುಂದಿದೆ. 2023ರಲ್ಲಿ ಎಲ್‌ಎಸ್‌ಯುವಿನ ಪಾಲ್ ಸ್ಕೀನ್ಸ್ ವೇಕ್ ಫಾರೆಸ್ಟ್ ವಿರುದ್ಧ ಎಂಟು ಇನಿಂಗ್ಸ್ ಎಸೆದರು. ಎರಡು ದಿನದಲ್ಲಿ ಅಂತಿಮ ಸರಣಿ ಶುರುವಾಯಿತು. ಎರಡನೆಯ ಪಂದ್ಯದಲ್ಲಿ ಫ್ಲೋರಿಡಾ 24–4ರಿಂದ ಜಯಭೇರಿ ಬಾರಿಸಿದಾಗಲೂ ದೇಶದ ಅತ್ಯುತ್ತಮ ಪಿಚರ್ ಡಗ್‌ಔಟ್‌ನಲ್ಲಿಯೇ ಕುಳಿತಿದ್ದರು. ಮರುದಿನ ಉಳಿದ ಪಿಚರ್‌ಗಳನ್ನು ಇಟ್ಟುಕೊಂಡೇ ಎಲ್‌ಎಸ್‌ಯು 18–4ರಿಂದ ಗೆದ್ದಿತು. ಸ್ಕೀನ್ಸ್ ಆ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆಯಾದರು.

ಇವರೆಲ್ಲ ವಯಸ್ಕರು, ತಮ್ಮ ನಿರ್ಧಾರ ತಾವೇ ಮಾಡಬಲ್ಲರು ಎಂಬ ಮಾತಿದೆ. ಆ ಮಾತಿಗೆ ಬೆಲೆ ಕೊಡುತ್ತಲೇ ಕೇಳುತ್ತೇನೆ: ಇಪ್ಪತ್ತನಾಲ್ಕು ಸಾವಿರ ಜನ ಕೂಗುತ್ತಿರುವಾಗ, ತಂಡದ ಇಡೀ ವರ್ಷ ತನ್ನ ಕೈಯಲ್ಲಿರುವಾಗ, ಯಾವ ಇಪ್ಪತ್ತರ ಹುಡುಗ ಚೆಂಡನ್ನು ತರಬೇತುದಾರರ ಕೈಗಿಟ್ಟು ನನ್ನ ತೋಳು ಸೋತಿದೆ ಎಂದಾನು? ನಿಯಮವಿದ್ದರೆ ಅವನು ಆ ಮಾತನ್ನು ಆಡಬೇಕಾಗಿಯೇ ಇಲ್ಲ, ಎದುರಾಳಿಯೂ ಅದೇ ನಿಯಮಕ್ಕೆ ಕಟ್ಟುಬಿದ್ದಿರುತ್ತಾನೆ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣವಿದೆ. ಕಾಲೇಜು ಆಟಗಾರರಿಗೆ ಹಣ ನೀಡುವ ಕುರಿತ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಹೌಸ್ ಒಪ್ಪಂದದ ಪ್ರಕಾರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಬೇಸ್‌ಬಾಲ್ ತಂಡಕ್ಕೆ 11.7 ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ, ತಂಡದಲ್ಲಿ ಗರಿಷ್ಠ 34 ಆಟಗಾರರು ಎಂಬ ಹೊಸ ಮಿತಿ ಬಂತು. ಹೆಚ್ಚು ಹುಡುಗರಿಗೆ ಪೂರ್ಣ ವಿದ್ಯಾರ್ಥಿವೇತನ ಸಿಗಬಹುದಾದ್ದರಿಂದ ಇದು ಒಳ್ಳೆಯದೇ. ಆದರೆ ಅದಕ್ಕೆ ಮೊದಲು ತಂಡದಲ್ಲಿ ನಲವತ್ತು ಜನರಿಗೆ ಅವಕಾಶವಿತ್ತು. ಕಡಿಮೆಯಾದ ಆರು ಸ್ಥಾನಗಳಲ್ಲಿ ಕೆಲವಾದರೂ ಪಿಚರ್‌ಗಳದೇ ಆಗಿರುತ್ತವೆ. ಪಂದ್ಯಗಳ ಸಂಖ್ಯೆ ಇಳಿದಿಲ್ಲ, ಪಂದ್ಯಾವಳಿಯ ದಿನಗಳು ಹಿಗ್ಗಿಲ್ಲ, ಹಾಗಾಗಿ ಉಳಿದ ತೋಳುಗಳ ಮೇಲೆ ಹೊರೆ ಏರಲೇಬೇಕು. ನೂರು ಎಸೆತ ದಾಟಿದವರಿಗೆ ಕನಿಷ್ಠ ನಾಲ್ಕು ದಿನದ ವಿಶ್ರಾಂತಿ, ಹಿಂದಿನ ದಿನ ಎಸೆದವರಿಗೆ ಒಂದು ಕಡಿಮೆ ಮಿತಿ: ಇಷ್ಟನ್ನು ಮೊದಲು ಮೇ–ಜೂನ್ ಪಂದ್ಯಾವಳಿಗೆ ಮಾತ್ರ ಅನ್ವಯಿಸಿದರೂ ಸಾಕು. ಒಂದು ವಾರ ವಿಶ್ರಾಂತಿ ಪಡೆದು ಬಂದ ಆಂಡರ್ಸನ್ ಅವರ ಆ ರಾತ್ರಿಯ ಆಟ ಇಂಥ ನಿಯಮದ ಕೆಳಗೂ ಹಾಗೆಯೇ ನಡೆಯುತ್ತಿತ್ತು.