ಓದದವರು ಬರೆದ ಮರ

ಪ್ರಿಯ ಕತೆಗಾರ್ತಿಗೆ,

ನಿಮ್ಮ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಗಲು ನಿಮ್ಮ ಮೂರನೆಯ ಕತೆಯೇ ಕಾರಣ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದು ಬಂದ ತಾಯಿ, ಉರಿಯುವ ಬೆರಳು ಎಲ್ಲಿ ಮಗುವಿನ ಕೆನ್ನೆಗೆ ತಾಗೀತೋ ಎಂಬ ಭಯದಲ್ಲಿ ಮೊಣಕೈಗಳ ನಡುವೆಯೇ ಅದನ್ನು ಎತ್ತಿಕೊಂಡು ಹಾಲೂಡಿಸುವ ಆ ಒಂದು ಪುಟವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀವು ಬರೆಯಬಲ್ಲಿರಿ. ಈ ವಿಷಯದಲ್ಲಿ ನಿಮಗೆ ಸಂಶಯ ಬೇಡ.

ಹಸ್ತಪ್ರತಿಯ ಜೊತೆಗಿದ್ದ ಪತ್ರ ಮಾತ್ರ ನನ್ನನ್ನು ಕಳವಳಕ್ಕೆ ಈಡುಮಾಡಿತು. ಪ್ರಕಾಶಕರು ಮುಖಪುಟದ ಹೊಣೆಯನ್ನು ನಿಮಗೇ ಬಿಟ್ಟಿದ್ದಾರೆ, ಪರಿಚಯದ ಕಲಾವಿದರು ಯಾರೂ ಇಲ್ಲ, ಆದ್ದರಿಂದ ಅಂತರಜಾಲದ ವಿನ್ಯಾಸ ಸ್ಪರ್ಧೆಯೊಂದಕ್ಕೆ 20,000 ರೂಪಾಯಿ ಕಟ್ಟಲು ಹೊರಟಿದ್ದೀರಿ. ಯಾವ ತಾಣ ಒಳ್ಳೆಯದು, ವಿವರಣೆ ಹೇಗೆ ಬರೆಯಬೇಕು ಎಂದು ಕೇಳಿದ್ದೀರಿ. ಪುಸ್ತಕದ ಬೆನ್ನಿನ ಅಗಲ ಎಷ್ಟಿರಬೇಕು, ಕತ್ತರಿಸುವಾಗ ಹೋಗಲೆಂದು ಅಂಚಿನಾಚೆ ಎಷ್ಟು ಚಿತ್ರ (ಬ್ಲೀಡ್) ಬಿಡಬೇಕು, ಪರದೆಯ ಮೇಲೆ ಹೊಳೆಯುವ ನೀಲಿ ಅಚ್ಚಿನಲ್ಲಿ ಏಕೆ ಮಂಕಾಗುತ್ತದೆ ಎಂಬುದನ್ನೆಲ್ಲ ನಿಮ್ಮ ಮುದ್ರಕರು ಹತ್ತು ನಿಮಿಷದಲ್ಲಿ ತಿಳಿಸಿಕೊಡುತ್ತಾರೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ನಿಮ್ಮ ಪುಸ್ತಕವನ್ನು ಓದದವರಿಂದ ಅದರ ಮುಖಪುಟ ಮಾಡಿಸಬೇಡಿ.

ಸ್ಪರ್ಧೆಯ ಏರ್ಪಾಡನ್ನು ಸ್ವಲ್ಪ ಗಮನವಿಟ್ಟು ನೋಡಿ. ಮೆಲ್ಬರ್ನ್‌ನ 99ಡಿಸೈನ್ಸ್, ಶಿಕಾಗೋದ ಕ್ರೌಡ್‌ಸ್ಪ್ರಿಂಗ್ ಎರಡೂ ಆರಂಭವಾದದ್ದು 2008ರಲ್ಲಿ. ಅಲ್ಲಿಂದೀಚೆಗೆ ಇಂಥ ತಾಣಗಳು ಹಲವು ಹುಟ್ಟಿಕೊಂಡಿವೆ. ಲೇಖಕರು ಒಂದು ವಿವರಣೆ ಬರೆದು ಬಹುಮಾನದ ಹಣ ಕಟ್ಟುತ್ತಾರೆ, ಹತ್ತಾರು ವಿನ್ಯಾಸಕಾರರು ಕೆಲಸ ಮಾಡಿ ಕಳಿಸುತ್ತಾರೆ, ಲೇಖಕರು ಅಂಕದ ಬದಲು ನಕ್ಷತ್ರ ಕೊಡುತ್ತಾ ಸೋಸುತ್ತಾ ಹೋಗುತ್ತಾರೆ, ಕೊನೆಗೆ ಹಣ ಸಿಗುವುದು ಸಾಮಾನ್ಯವಾಗಿ ಒಬ್ಬರಿಗೆ. ಮೂವತ್ತು ಜನರಲ್ಲಿ ಒಬ್ಬರಿಗಷ್ಟೇ ಕೂಲಿ ಎಂದಾದ ಮೇಲೆ, ಮನೆ ನಡೆಸಬೇಕಾದ ವಿನ್ಯಾಸಕಾರ ನಿಮ್ಮ 160 ಪುಟಗಳನ್ನು ಓದುತ್ತಾ ಎರಡು ದಿನ ಕಳೆಯುವುದಾದರೂ ಹೇಗೆ? ಕನ್ನಡ ಬಾರದವನಾದರೆ ಆ ಪ್ರಶ್ನೆಯೇ ಏಳುವುದಿಲ್ಲ. ಅದನ್ನು ನಾನು ಅವನ ತಪ್ಪೆನ್ನಲಾರೆ. ಓದುತ್ತಾ ಕುಳಿತವನಿಗೆ ನಷ್ಟವಾಗುವಂತೆಯೇ ಆ ಏರ್ಪಾಡು ಇದೆ. ಅಮೆರಿಕದ ವಿನ್ಯಾಸಕಾರರ ಸಂಸ್ಥೆಯಾದ ಎಐಜಿಎ, ಕೂಲಿಯ ಖಾತ್ರಿಯಿಲ್ಲದ ಇಂಥ ಕೆಲಸದ ಬಗ್ಗೆ ಎಚ್ಚರಿಸುತ್ತ ಬಂದಿದೆ. ಲೇಖಕರಿಗೆ ಆಗುವ ನಷ್ಟವನ್ನು ನಾನು ಸ್ವತಃ ಅನುಭವಿಸಿ ತಿಳಿದೆ.

2016ರಲ್ಲಿ ನನ್ನ ನಾಲ್ಕನೆಯ ಸಂಕಲನಕ್ಕೆ ನಾನೂ ಇಂಥದೇ ಒಂದು ಸ್ಪರ್ಧೆ ನಡೆಸಿದೆ. ತಾಣದ ಹೆಸರು ಇಲ್ಲಿ ಮುಖ್ಯವಲ್ಲ. ಪುಸ್ತಕದ ಹೆಸರಿನಲ್ಲಿ ‘ಕಟ್ಟೆ’ ಎಂಬ ಪದವಿತ್ತು. ಊರ ನಡುವಿನ ಅರಳಿಮರವನ್ನು ರಸ್ತೆ ಅಗಲ ಮಾಡುವುದಕ್ಕಾಗಿ ಕಡಿದ ಮೇಲೆ, ಬಿಸಿಲಿಗೆ ಬಿದ್ದ ಬರಿಯ ಕಟ್ಟೆಯ ಮೇಲೆ ಹಳೆಯ ಅಭ್ಯಾಸದಂತೆ ಬಂದು ಕೂರುವ ಮುದುಕರ ಕತೆ ಅದು. ನಾನು ಇಂಗ್ಲಿಷಿನಲ್ಲಿ ಇನ್ನೂರು ಪದಗಳ ವಿವರಣೆ ಬರೆದು, ‘ಹಳ್ಳಿಯಲ್ಲಿ ಮರದ ಸುತ್ತ ಕಟ್ಟುವ ಕಲ್ಲಿನ ಜಗಲಿ’ ಎಂದು ಕಟ್ಟೆಯ ಅರ್ಥವನ್ನೂ ಕೊಟ್ಟೆ. ಮರ ಈಗ ಇಲ್ಲ ಎಂಬ ಒಂದು ವಾಕ್ಯವನ್ನು ಬರೆಯಲಿಲ್ಲ. ಕತೆಯ ಗುಟ್ಟು ಬಿಟ್ಟುಕೊಡಬಾರದೆಂದು ಭಾವಿಸಿದ್ದೆ. ಏಳು ದಿನಗಳಲ್ಲಿ 31 ಜನರಿಂದ 74 ಮುಖಪುಟಗಳು ಬಂದವು. ಬಹುಪಾಲು ಎಲ್ಲದರಲ್ಲೂ ಮರವಿತ್ತು. ಹಲವರು ಅಕ್ಷರಗಳನ್ನು ಅಂಟಿಸುವಾಗ ಟ ಒತ್ತು ಕೆಳಗಿಳಿಯದೆ ‘ಕಟ್‌ಟೆ’ ಎಂದಾಗಿತ್ತು. ಅವರ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ವ್ಯವಸ್ಥೆಯನ್ನು ಆನ್ ಮಾಡಿರಲಿಲ್ಲ, ಹಾಗೆ ಮಾಡಬೇಕೆಂದು ತಿಳಿಯಲು ಅವರಿಗೆ ದಾರಿಯೂ ಇರಲಿಲ್ಲ. ಒತ್ತಕ್ಷರವನ್ನು ಸರಿಪಡಿಸಿ ಕಳಿಸುವುದರಲ್ಲೇ ನನ್ನ ಎರಡು ರಾತ್ರಿಗಳು ಕಳೆದವು. ಅಕ್ಷರ ಸರಿಯಾದದ್ದೇ ಮುಖಪುಟವೂ ಸರಿಯಾಯಿತೆಂಬ ಸಮಾಧಾನ ನನ್ನನ್ನು ಆವರಿಸಿತು. ಕೊನೆಯ ಸುತ್ತಿನ ಆರನ್ನು ಬಂಧುಮಿತ್ರರಿಗೆ ವಾಟ್ಸಾಪಿನಲ್ಲಿ ಕಳಿಸಿ ಮತ ಕೇಳಿದೆ. ಅವರೂ ಪುಸ್ತಕವನ್ನು ಓದಿರಲಿಲ್ಲ. ಕಿತ್ತಳೆ ಬಣ್ಣದ ಸಂಜೆಯ ಎದುರು ಕಪ್ಪಾಗಿ ನಿಂತ ಭವ್ಯವಾದ ಮರ ಗೆದ್ದಿತು.

1,000 ಪ್ರತಿಗಳು ಅಚ್ಚಾದವು. ಸಾಗರದಲ್ಲಿ ನಡೆದ ಬಿಡುಗಡೆಯ ಮರುವಾರ ಓದುಗರೊಬ್ಬರು ಕರೆಮಾಡಿ, ‘ನೀವು ಒಳಗೆ ಕಡಿದ ಮರ ಹೊರಗೆ ಯಾಕೆ ನಿಂತಿದೆ?’ ಎಂದು ಬಹಳ ಮೆತ್ತಗೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆರು ತಿಂಗಳ ನಂತರ ಅದೇ ಮರವನ್ನು, ಎಡಗಡೆಯ ಅದೇ ಬಾಗಿದ ಕೊಂಬೆಯ ಸಮೇತ, ಯೋಗ ಶಿಬಿರದ ಕರಪತ್ರವೊಂದರಲ್ಲಿ ಕಂಡೆ. ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದಾದ ಚಿತ್ರಭಂಡಾರದ ಮರ ಅದಾಗಿತ್ತು.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಆ 31 ಜನರಲ್ಲಿ ಇಂಡೋನೇಷ್ಯಾದ ಯುವತಿಯೊಬ್ಬಳಿದ್ದಳು. ಮೂರನೆಯ ದಿನ ಅವಳು ಒಂದೇ ಸಾಲಿನ ಸಂದೇಶ ಕಳಿಸಿದ್ದಳು: ಕತೆಯಲ್ಲಿ ಆ ಮರ ಇನ್ನೂ ಬದುಕಿದೆಯೇ? ನನ್ನ ಭಾಷೆಯ ಒಂದಕ್ಷರವೂ ಬಾರದ, ನನ್ನ ಊರನ್ನು ಕನಸಿನಲ್ಲಿಯೂ ಕಾಣದ ಅವಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ನಾನು ಆಗ ಒತ್ತಕ್ಷರಗಳ ಗಡಿಬಿಡಿಯಲ್ಲಿದ್ದೆ. ಉತ್ತರಿಸಲಿಲ್ಲ. ಅವಳ ಕರಡು ಚಿತ್ರಕ್ಕೆ ಎರಡು ನಕ್ಷತ್ರ ಕೊಟ್ಟೆ, ಮರುದಿನ ಅವಳು ತನ್ನ ಕೆಲಸವನ್ನು ಹಿಂತೆಗೆದುಕೊಂಡಳು. ವರ್ಷದ ನಂತರ ಕ್ಷಮೆ ಕೇಳಬೇಕೆಂದು ಹುಡುಕಿದಾಗ ಅವಳ ಖಾತೆ ಅಲ್ಲಿರಲಿಲ್ಲ.

‘ನನಗೆ ಯಾರ ಪರಿಚಯವೂ ಇಲ್ಲ’ ಎಂದು ನೀವು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿಲ್ಲವೇ? ಹೆಸರುಪುಟದ ಹಿಂಬದಿ ತೆರೆದರೆ ಬೆಲೆ, ಪುಟಸಂಖ್ಯೆ, ‘ಡೆಮಿ’ ಎಂಬಂಥ ಪುಸ್ತಕದ ಅಳತೆಗಳ ನಡುವೆ ಮುಖಪುಟ ಮಾಡಿದವರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಪಾಲಿದೆ; ಆ ಪಟ್ಟಿಯಲ್ಲೂ ಹೆಸರುಗಳು ಸಿಗುತ್ತವೆ. ಅವರಲ್ಲಿ ಒಬ್ಬರಿಗೆ ಬರೆಯಲು ನಿಮಗೆ ಸಂಕೋಚವಾಗುತ್ತಿದೆ, ಅಷ್ಟೇ. ಆ ಸಂಕೋಚ ನನಗೂ ಇತ್ತು. ಮುಖ ಕಾಣದ ಮೂವತ್ತು ಜನರನ್ನು ತಿರಸ್ಕರಿಸುವುದು ಸುಲಭ, ಒಬ್ಬರ ಎದುರು ಕುಳಿತು ‘ಇದು ನನ್ನ ಕತೆಯಲ್ಲ’ ಎನ್ನುವುದು ಕಷ್ಟ.

2021ರಲ್ಲಿ ಎರಡನೆಯ ಮುದ್ರಣಕ್ಕೆ ಶಿವಮೊಗ್ಗದ ಕಲಾವಿದರೊಬ್ಬರು ಹಸ್ತಪ್ರತಿಯನ್ನು ಹನ್ನೊಂದು ದಿನ ಇಟ್ಟುಕೊಂಡರು. ನಾನು ಅಸಹನೆಯಿಂದ ಎರಡು ಬಾರಿ ಕರೆಮಾಡಿದೆ. ಅವರು ಕೊನೆಗೆ ತಂದದ್ದು ಬೂದುಬಣ್ಣದ ಬರಿಯ ಕಟ್ಟೆ, ಅದರ ನಡುವೆ ಮಣ್ಣು ತುಂಬಿದ ಒಂದು ಗುಂಡಿ, ಬದಿಯಲ್ಲಿ ಬಿಟ್ಟುಹೋದ ಜೋಡು ಚಪ್ಪಲಿ. ಚಪ್ಪಲಿಯ ಸಂಗತಿ ನನ್ನ ಐದನೆಯ ಕತೆಯ ಕೊನೆಯ ಸಾಲಿನಲ್ಲಿ ಬರುತ್ತದೆ.

ನಿಮ್ಮ ವಿವರಣೆಯಲ್ಲಿ ‘ಬ್ಯಾಡಗಿ’ ಎಂಬ ಪದ ಕಂಡೊಡನೆ ಮೂವತ್ತು ಜನ ಮೂವತ್ತು ರಾಶಿ ಕೆಂಪು ಮೆಣಸಿನಕಾಯಿ ಕಳಿಸುತ್ತಾರೆ. ಅವು ಸುಂದರವಾಗಿಯೂ ಇರುತ್ತವೆ, ನಿಮ್ಮ ಮನಸ್ಸು ಸೋಲುತ್ತದೆ. ಆ ತಾಯಿಯ ಮೊಣಕೈ ಅವುಗಳಲ್ಲಿ ಎಲ್ಲಿಯೂ ಇರುವುದಿಲ್ಲ. ದಯವಿಟ್ಟು ಆ 20,000 ರೂಪಾಯಿಯನ್ನು ಇನ್ನೂ ಕಟ್ಟಬೇಡಿ. ಮೂರನೆಯ ಕತೆಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಕಲಾವಿದರೊಬ್ಬರಿಗೆ ಅಂಚೆಯಲ್ಲಿ ಕಳಿಸಿ, ಓದಿದ ಮೇಲೆ ಅವರು ನಿಮ್ಮನ್ನು ಮೊದಲು ಕೇಳಿದ ಪ್ರಶ್ನೆ ಯಾವುದೆಂದು ನನಗೆ ಬರೆಯಿರಿ.

ನಿಮ್ಮ ಹಿತೈಷಿ