ಮೊದಲ ವರ್ಷದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಬಗೆ

ಮಾನ್ಯ ಸಂಪಾದಕರೇ,

ಮೆರಿಟ್ ಲಿಸ್ಟ್‌ಗಳ ಗದ್ದಲ ಮುಗಿದು ಮುಂಬಯಿಯ ಕಾಲೇಜುಗಳಲ್ಲಿ ಎಫ್.ವೈ. (ಪದವಿಯ ಮೊದಲ ವರ್ಷದ) ತರಗತಿಗಳು ಆರಂಭವಾಗುವ ಈ ಮಳೆಗಾಲದಲ್ಲಿ, ಬೀದರ್, ಕಲಬುರಗಿ, ಗದಗ, ಉಡುಪಿಯ ಕಡೆಯಿಂದ ಬಂದವರೂ ಇಲ್ಲಿಯೇ ಡೊಂಬಿವಿಲಿ, ವಸಾಯಿಗಳ ಕನ್ನಡ ಮನೆಗಳಲ್ಲಿ ಬೆಳೆದವರೂ ಆದ ಕ್ರೈಸ್ತ ವಿದ್ಯಾರ್ಥಿಗಳು ಹೊಸ ಪರಿಸರಕ್ಕೆ ಕಾಲಿಡುತ್ತಿದ್ದಾರೆ. ಕಾಲೇಜುಗಳಲ್ಲಿರುವ ನಮ್ಮ ವಿದ್ಯಾರ್ಥಿ ಕೂಟಗಳು ಅವರನ್ನು ಬರಮಾಡಿಕೊಳ್ಳುವ ರೀತಿಯ ಕುರಿತು, ಇಂಥ ಕೂಟವೊಂದರ ಒಡನಾಟದಲ್ಲಿ ಬಹುಕಾಲ ಇದ್ದ ನಿವೃತ್ತ ಅಧ್ಯಾಪಕಿಯಾಗಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳ ನಡುವಿನ ಈ ಸೇವೆ ನಮ್ಮ ದೇಶಕ್ಕೆ ಹೊಸದಲ್ಲ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ, ಕಥೋಲಿಕ ವಿದ್ಯಾರ್ಥಿಗಳ ಐಕಫ್ 1924ರಲ್ಲಿ, ಸುವಾರ್ತಾ ವಿದ್ಯಾರ್ಥಿಗಳ ಒಕ್ಕೂಟವಾದ ಯು.ಇ.ಎಸ್.ಐ. 1954ರಲ್ಲಿ ಆರಂಭವಾದವು. ಆದರೂ ಇದರ ಅಗತ್ಯ ಕಡಿಮೆಯಾಗಿಲ್ಲ. 1832ರಲ್ಲಿ ಮಿಷನರಿ ಜಾನ್ ವಿಲ್ಸನ್ ತೆರೆದ ಶಾಲೆಯಿಂದ ಬೆಳೆದ ಚೌಪಾಟಿಯ ವಿಲ್ಸನ್ ಕಾಲೇಜಿನಂಥ ಕಡೆಯೂ ತರಗತಿಯಲ್ಲಿರುವವರಲ್ಲಿ ಹೆಚ್ಚಿನವರು ಬೇರೆ ಧರ್ಮದವರೇ. ಊರಿನ ಕ್ರೈಸ್ತ ಸಭೆಯಲ್ಲಿ ಎಲ್ಲರ ಪರಿಚಯದ ನಡುವೆ ಬೆಳೆದ ಹುಡುಗಿಯೊಬ್ಬಳು, ತನ್ನಂತೆ ಪ್ರಾರ್ಥಿಸುವವರು ಇಲ್ಲಿ ಯಾರಿದ್ದಾರೆಂದು ತಿಳಿಯದೆ ತಿಂಗಳುಗಟ್ಟಲೆ ಒಬ್ಬಳೇ ಇರಬೇಕಾಗಬಹುದು.

ನಮ್ಮ ಸ್ವಾಗತವಾದರೋ ಬಹಳ ಸಲ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತದೆ. ಹಾಡು, ಆಟ, ತಿಂಡಿ, ಒಂದು ಪ್ರಸಂಗ (ಧರ್ಮೋಪದೇಶ), ಕೊನೆಗೆ ವಾಟ್ಸ್‌ಆ್ಯಪ್ ಗುಂಪಿಗೆ ಎಲ್ಲರ ನಂಬರು. ಮರುವಾರ ಬಾರದವರನ್ನು ವಿಚಾರಿಸಬೇಕಾದವರು ಯಾರೆಂಬುದು ಗೊತ್ತುಮಾಡಿರುವುದಿಲ್ಲ. ಪ್ರತಿಯೊಬ್ಬ ಹೊಸ ವಿದ್ಯಾರ್ಥಿಗೂ ಹಿರಿಯ ವಿದ್ಯಾರ್ಥಿಯೊಬ್ಬರು, ಹುಡುಗಿಯರಿಗೆ ಹಿರಿಯ ಹುಡುಗಿಯೇ, ಮೊದಲ ಸೆಮಿಸ್ಟರ್ ಮುಗಿಯುವವರೆಗೂ ಜೊತೆಗಿರಬೇಕೆಂಬುದು ನನ್ನ ವಿನಂತಿ. ಲೋಕಲ್ ರೈಲು ಪಾಸಿನ ರಿಯಾಯಿತಿ ಫಾರ್ಮ್ ಕಾಲೇಜಿನ ಯಾವ ಕಿಟಕಿಯಲ್ಲಿ ಸಿಗುತ್ತದೆ, ಎ.ಟಿ.ಕೆ.ಟಿ. (ಕೆಲವು ವಿಷಯಗಳಲ್ಲಿ ಫೇಲಾದರೂ ಮುಂದಿನ ತರಗತಿಗೆ ಹೋಗಲು ಸಿಗುವ ಅವಕಾಶ) ಎಂದರೇನು, ಕೈಗೆಟಕುವ ಮೆಸ್ ಎಲ್ಲಿದೆ ಎಂದು ತಿಳಿಸುವುದೂ ಸೇವೆಯ ಭಾಗವೇ. ಕೂಟದ ವೇಳೆಯನ್ನೂ ಯೋಚಿಸಿ ಇಡಬೇಕು. ಸಂಜೆ ಏಳಕ್ಕೆ ಚರ್ಚ್‌ಗೇಟಿನಲ್ಲಿ ಪ್ರಾರ್ಥನೆ ಇಟ್ಟರೆ ದೂರದ ವಿರಾರಿಗೆ ಮರಳಬೇಕಾದ ಹುಡುಗಿಯನ್ನು ನಾವೇ ದೂರವಿಟ್ಟಂತೆ; ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕೈದು ಮಂದಿ ಕೂಡಿ ಸತ್ಯವೇದ (ಬೈಬಲ್) ಓದುವುದು ಅವಳಿಗೆ ಹೆಚ್ಚು ಸಹಾಯಕ.

ಭಾಷೆಯ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಕೂಟಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಹಿಂದಿಯಲ್ಲಿ ನಡೆಯುತ್ತವೆ. ಹಲವು ಭಾಷೆಗಳ ಮಕ್ಕಳು ಸೇರುವಲ್ಲಿ ಅದು ಸಹಜ. ಆದರೆ ಕನ್ನಡದಲ್ಲಿ ಕೀರ್ತನೆ ಹಾಡಿ, ಕನ್ನಡದಲ್ಲೇ ದೇವರೊಡನೆ ಮಾತಾಡಿ ಬೆಳೆದ ಹುಡುಗ ಅಲ್ಲಿ ತುಟಿ ಬಿಚ್ಚದೆ ಕುಳಿತಾಗ, ಅವನಿಗೆ ಆಸಕ್ತಿಯಿಲ್ಲವೆಂದು ಮುಂದಾಳುಗಳು ತಪ್ಪಾಗಿ ತಿಳಿಯುತ್ತಾರೆ. ಕನ್ನಡದಲ್ಲಿಯೇ ಪ್ರಾರ್ಥಿಸು ಎಂದು ಯಾರಾದರೂ ಹೇಳಿದರೆ ಅವನ ಮುಖವೇ ಅರಳುವುದನ್ನು ನಾನು ನೋಡಿದ್ದೇನೆ. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದ ಮುಂಬಯಿ ಕನ್ನಡಿಗರಿಗೆ, ಊರಿನಿಂದ ಬಂದ ಮಗುವಿನ ಮಾತು ಮುಚ್ಚಿಹೋಗುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ನೇರವಾಗಿಯೇ ಹೇಳಬೇಕು. ಕೂಟಕ್ಕೆ ಬೇರೆ ಧರ್ಮದ ಗೆಳೆಯರೂ ಕುತೂಹಲದಿಂದ ಬರುತ್ತಾರೆ, ಬರಲಿ. ಆದರೆ ಕರೆಯುವಾಗಲೇ ಇದು ಕ್ರೈಸ್ತ ಕೂಟ, ಇಲ್ಲಿ ಸತ್ಯವೇದ ಓದಿ ಪ್ರಾರ್ಥಿಸುತ್ತೇವೆ ಎಂದು ಸ್ಪಷ್ಟವಾಗಿ ತಿಳಿಸಬೇಕು. ಬರೀ ಸಂಗೀತ ಕಾರ್ಯಕ್ರಮವೆಂದು ಹೇಳಿ ಕರೆತಂದು ಬಳಿಕ ಪ್ರಸಂಗ ಮಾಡುವುದು ಸುವಾರ್ತೆಗೆ ತಕ್ಕ ನಡತೆಯಲ್ಲ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಮತ್ತು ಪ್ರಚುರಪಡಿಸುವ ಹಕ್ಕಿನೊಡನೆಯೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಎಲ್ಲರಿಗೂ ಕೊಟ್ಟಿದೆ. ನೋಟ್ಸ್ ಆಗಲಿ, ಊಟವಾಗಲಿ, ಕೋಣೆ ಹುಡುಕಿಕೊಡುವ ಸಹಾಯವಾಗಲಿ, ಕೂಟಕ್ಕೆ ಬರಬೇಕೆಂಬ ಷರತ್ತಿಗೆ ಅಂಟಿಕೊಂಡಿರಕೂಡದು. ಶಿಲುಬೆಯ ಮರಣದ ಬಳಿಕ ಪುನರುತ್ಥಾನನಾದ ಯೇಸು, ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆಗೆ ಹೆಜ್ಜೆ ಹಾಕಿ, ಮೊದಲು ಪ್ರಶ್ನೆ ಕೇಳಿ ಅವರ ದುಃಖವನ್ನು ಆಲಿಸಿದನೆಂದೂ, ಅವರು ಒತ್ತಾಯಿಸಿ ಕರೆದ ಮೇಲೆಯೇ ಮನೆಯೊಳಕ್ಕೆ ಹೋದನೆಂದೂ ಲೂಕನು ತನ್ನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವವರು ಆ ಅಧ್ಯಾಯದಿಂದಲೇ ಆರಂಭಿಸಲಿ. ಎಫ್.ವೈ. ಸೇರುವವರಲ್ಲಿ ಹದಿನೆಂಟು ತುಂಬದವರೂ ಇರುವುದರಿಂದ, ಶಿಬಿರಗಳಿಗೆ ಕರೆದೊಯ್ಯುವ ಮುನ್ನ ತಂದೆತಾಯಿಯರ ಒಪ್ಪಿಗೆ ಪಡೆಯುವುದು ಕಡ್ಡಾಯವಾಗಲಿ.

ಕರ್ನಾಟಕದ ಸಭಾಪಾಲಕರಲ್ಲಿಯೂ ಒಂದು ಕೋರಿಕೆಯಿದೆ. ತಮ್ಮ ಸಭೆಯ ಹುಡುಗ ಅಥವಾ ಹುಡುಗಿ ಮುಂಬಯಿಗೆ ಹೊರಟಾಗ ಪ್ರಾರ್ಥಿಸಿ ಕಳುಹಿಸುವುದರ ಜೊತೆಗೆ, ಅವರ ಒಪ್ಪಿಗೆ ಪಡೆದು, ಇಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಯೊಂದಕ್ಕೆ ಮುಂಚಿತವಾಗಿ ಫೋನು ಮಾಡಿ ತಿಳಿಸಿದರೆ, ಮೊದಲ ಭಾನುವಾರವೇ ಅವರನ್ನು ಸ್ಟೇಷನ್ನಿನಲ್ಲಿ ಎದುರುಗೊಂಡು ಕರೆದೊಯ್ಯಲು ನಮ್ಮಂಥ ಹಿರಿಯರು ಸಿದ್ಧರಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ, ಡೊಂಬಿವಿಲಿ